ಮೊಬೈಲಿನಲ್ಲಿ ನಡೆಯುವ ದುರ್ನಡತೆಯನ್ನು ತಿದ್ದಿದ ಸೈನಿಕನಿಗೆ ಪುರಸ್ಕಾರ ಸಲ್ಲಬೇಕೇ?

ಪ್ರಶ್ನೆ: ನಿವೃತ್ತ ಸುಬೇದಾರ್, ಹಾಸನ

ಸದಸ್ಯರೆಲ್ಲರಿಗೂ ನಮಸ್ಕಾರ. ಸೇನೆ ಬಿಟ್ಟು ಊರು ಸೇರಿ ವರ್ಷಗಳೇ ಕಳೆದರೂ ಒಂದು ಘಟನೆ ನನ್ನ ಮನಸ್ಸಿನಿಂದ ಹೋಗಿಲ್ಲ. ಅದನ್ನು ತಮ್ಮ ಮುಂದಿಟ್ಟು ಅಭಿಪ್ರಾಯ ಕೇಳಬೇಕೆಂದು ಬರೆಯುತ್ತಿದ್ದೇನೆ.

ನನ್ನ ಸೇವೆಯ ಕೊನೆಯ ದಿನಗಳಲ್ಲಿ ನಮ್ಮ ಕಂಪನಿಯ ಹುಡುಗರು ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದರು. ರಜೆಯ ಪಟ್ಟಿ, ಕ್ರಿಕೆಟ್, ಊರ ಹಬ್ಬದ ಫೋಟೊ ಇಷ್ಟರಲ್ಲೇ ನಡೆಯುತ್ತಿದ್ದ ಆ ಗುಂಪಿನಲ್ಲಿ ಒಂದು ರಾತ್ರಿ ಒಬ್ಬ ಜವಾನನು ಜೊತೆಗಾರನೊಬ್ಬನ ಹೆಂಡತಿಯ ಫೋಟೊವನ್ನು ಆಕೆಯ ಫೇಸ್‌ಬುಕ್ ಖಾತೆಯಿಂದ ತೆಗೆದು ಹಾಕಿ, ಅದರ ಕೆಳಗೆ ಬರೆಯಬಾರದ್ದನ್ನು ಬರೆದ. ನಗುವವರು ನಕ್ಕರು, ಉಳಿದವರು ನೋಡಿಯೂ ನೋಡದವರಂತೆ ಮಲಗಿದರು. ಜವಾನನಿಗಿಂತ ಒಂದೇ ಮೆಟ್ಟಿಲು ಮೇಲಿನ ಒಬ್ಬ ಲ್ಯಾನ್ಸ್ ನಾಯಕ್ ಮಾತ್ರ ಎಲ್ಲರಿಗೂ ಕಾಣುವಂತೆ ಅಲ್ಲಿಯೇ, ಇದನ್ನು ಈಗಲೇ ಅಳಿಸು, ಬೆಳಗ್ಗೆ ಅವನ ಮುಂದೆ ನಿಂತು ತಪ್ಪಾಯಿತೆಂದು ಹೇಳು, ಇಲ್ಲದಿದ್ದರೆ ಹಾಜರಿಯ ರೋಲ್ ಕಾಲಿನಲ್ಲಿ ನಾನೇ ಹೇಳುತ್ತೇನೆ ಎಂದು ಬರೆದ. ಫೋಟೊ ಅಳಿಸಿಹೋಯಿತು, ಮರುದಿನ ಕ್ಷಮೆಯಾಚನೆಯೂ ಆಯಿತು. ಸುದ್ದಿ ನನ್ನ ಕಿವಿಗೆ ಬಿದ್ದದ್ದು ಹದಿನೈದು ದಿನಗಳ ನಂತರ. ನಾನು ಅದನ್ನು ಮೇಲಿನವರಿಗೆ ತಿಳಿಸಿದ ಮೇಲೆ ಫೋಟೊ ಹಾಕಿದವನಿಗೆ ಶಿಕ್ಷೆಯಾಗಿ ಅವನ ದಾಖಲೆಯಲ್ಲಿ ರೆಡ್ ಇಂಕ್ ಎಂಟ್ರಿ ಬಿತ್ತು. ತಿದ್ದಿದವನ ದಾಖಲೆಯಲ್ಲಿ ಯಾವ ಬಣ್ಣದ ಶಾಯಿಯೂ ಬೀಳಲಿಲ್ಲ. ಆ ವರ್ಷ ಕಮೆಂಡೇಷನ್ ಕಾರ್ಡಿಗೆ, ಅಂದರೆ ಸೇನೆಯ ಮೆಚ್ಚುಗೆಯ ಪುರಸ್ಕಾರಕ್ಕೆ, ನಾವು ಕಳುಹಿಸಿದ ಹೆಸರುಗಳಲ್ಲಿ ವಾಲಿಬಾಲ್ ತಂಡದ ನಾಯಕನ ಹೆಸರಿತ್ತು, ಇವನದಿರಲಿಲ್ಲ. ಆ ಪಟ್ಟಿ ಬರೆದವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮರೆಮಾಚುವುದಿಲ್ಲ.

ಈ ಘಟನೆಯನ್ನು ನೆನಪಿಸಿದ್ದು ಅಮೆರಿಕದ ಮರೀನ್ ದಳದ ಒಂದು ಹಳೆಯ ಪ್ರಕರಣ. ‘ಮರೀನ್ಸ್ ಯುನೈಟೆಡ್’ ಎಂಬ ಹೆಸರಿನ, ಸುಮಾರು 30,000 ಸದಸ್ಯರಿದ್ದ ಒಂದು ಮುಚ್ಚಿದ ಫೇಸ್‌ಬುಕ್ ಗುಂಪಿನಲ್ಲಿ ಮಹಿಳಾ ಸೈನಿಕರ ಖಾಸಗಿ ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಹಂಚಲಾಗುತ್ತಿದೆ ಎಂಬುದು 2017ರ ಮಾರ್ಚ್‌ನಲ್ಲಿ ಹೊರಬಿತ್ತು. ಅದನ್ನು ಹೊರತಂದ ಪತ್ರಕರ್ತ ಥಾಮಸ್ ಬ್ರೆನನ್ ಸ್ವತಃ ಮರೀನ್ ಆಗಿದ್ದವರು, ಅಫ್ಘಾನಿಸ್ತಾನದಲ್ಲಿ ಗಾಯಗೊಂಡು ಪರ್ಪಲ್ ಹಾರ್ಟ್ ಪದಕ ಪಡೆದವರು. ಶತ್ರುವಿನಿಂದ ಗಾಯಗೊಂಡದ್ದಕ್ಕೆ ಪದಕ ದೊರೆಯಿತು, ತಮ್ಮವರ ತಪ್ಪನ್ನು ಬಯಲಿಗೆ ತಂದದ್ದಕ್ಕೆ ಅವರಿಗೂ ಅವರ ಕುಟುಂಬಕ್ಕೂ ದೊರೆತದ್ದು ಬೆದರಿಕೆ. ಅವರು ಆಗ ಸಮವಸ್ತ್ರದಲ್ಲಿರಲಿಲ್ಲವಾದ್ದರಿಂದ ಸೇನೆ ಪುರಸ್ಕರಿಸಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಸಮವಸ್ತ್ರದಲ್ಲಿದ್ದುಕೊಂಡು ಇದೇ ಕೆಲಸವನ್ನು ಮಾಡುವ ಚಿಕ್ಕ ಹುದ್ದೆಯವನಿಗೆ ಕಮೆಂಡೇಷನ್ ಕಾರ್ಡ್ ಅಥವಾ ಅದಕ್ಕೆ ಸಮನಾದ ಏನಾದರೂ ಸಲ್ಲಬೇಕೇ, ಅಥವಾ ಇದು ಅವನ ಕರ್ತವ್ಯವೇ ಆದ್ದರಿಂದ ಪುರಸ್ಕಾರದ ಮಾತೇ ಅನುಚಿತವೇ?

ಉತ್ತರ 1: ನಿವೃತ್ತ ಕರ್ನಲ್, ಮಡಿಕೇರಿ

ಸುಬೇದಾರ್ ಸಾಹೇಬರೇ, ತಮ್ಮ ಲ್ಯಾನ್ಸ್ ನಾಯಕ್ ಮಾಡಿದ್ದು ಸರಿಯಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೂ ಪುರಸ್ಕಾರದ ಪ್ರಸ್ತಾವವನ್ನು ನಾನು ಒಪ್ಪಲಾರೆ. ತೋಳಿನ ಮೇಲೆ ಪಟ್ಟಿ ಧರಿಸಿದವನು ತನ್ನ ಕೆಳಗಿನವರನ್ನು ತಿದ್ದುವುದಕ್ಕೇ ಆ ಪಟ್ಟಿ ಧರಿಸಿರುತ್ತಾನೆ. ಬೂಟು ಪಾಲಿಶ್ ಮಾಡದವನನ್ನು ಗದರಿದ್ದಕ್ಕೆ ಯಾರೂ ಕಾರ್ಡ್ ಕೊಡುವುದಿಲ್ಲವಷ್ಟೇ.

ಮೊದಲು ಒಂದು ವ್ಯಾವಹಾರಿಕ ತೊಡಕನ್ನು ಹೇಳುತ್ತೇನೆ. 2020ರ ಜುಲೈಯಲ್ಲಿ ನಮ್ಮ ಸೇನೆಯು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆದುಹಾಕುವಂತೆ ಎಲ್ಲ ಹುದ್ದೆಯವರಿಗೂ ಆದೇಶಿಸಿತು. ಅದನ್ನು ಪ್ರಶ್ನಿಸಿ ಲೆಫ್ಟಿನೆಂಟ್ ಕರ್ನಲ್ ಒಬ್ಬರು ದೆಹಲಿ ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು. ಅಂತಹ ಆದೇಶವಿದ್ದಾಗ ಅದರಲ್ಲಿ ಸೇರಿದ ಒಂದು ಆ್ಯಪ್‌ನಲ್ಲಿ ಜೊತೆಗಾರನ ತಪ್ಪನ್ನು ಕಂಡು ತಿದ್ದಿದೆನೆಂದು ಹೇಳುವವನು, ತಾನೂ ಅಲ್ಲಿದ್ದೆನೆಂದು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ. ಶಿಫಾರಸು ಬರೆಯುವ ಕಮಾಂಡಿಂಗ್ ಅಧಿಕಾರಿಯು ಒಂದೇ ಕಾಗದದಲ್ಲಿ ಅವನ ಸನ್ನಡತೆಯನ್ನೂ ಆಜ್ಞೋಲ್ಲಂಘನೆಯನ್ನೂ ದಾಖಲಿಸಿದಂತಾಗುತ್ತದೆ. ಅಮೆರಿಕದ ಆ ಗುಂಪಿಗೂ ಇದು ಅನ್ವಯಿಸುತ್ತದೆ: ಮುಚ್ಚಿದ ಗುಂಪಿನಲ್ಲಿ ನಡೆಯುವುದು ಅದರ ಸದಸ್ಯನಿಗಲ್ಲದೆ ಬೇರೆ ಯಾರಿಗೆ ಕಾಣುತ್ತದೆ?

ಎರಡನೆಯದು ಪದಕದ ಬೆಲೆ. 2013ರ ಫೆಬ್ರುವರಿಯಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಲಿಯಾನ್ ಪನೆಟ್ಟಾ ಅವರು ದೂರದಲ್ಲಿ ಕುಳಿತು ಡ್ರೋನ್ ನಡೆಸುವವರಿಗೂ ಸೈಬರ್ ಕಾರ್ಯಾಚರಣೆಯವರಿಗೂ ‘ಡಿಸ್ಟಿಂಗ್ವಿಷ್ಡ್ ವಾರ್‌ಫೇರ್ ಮೆಡಲ್’ ಎಂಬ ಹೊಸ ಪದಕವನ್ನು ಘೋಷಿಸಿ, ಅದಕ್ಕೆ ರಣರಂಗದ ಸೇವೆಗೆ ಕೊಡುವ ಬ್ರಾಂಜ್ ಸ್ಟಾರ್‌ಗಿಂತ ಮೇಲಿನ ಸ್ಥಾನ ಕೊಟ್ಟರು. ಮಾಜಿ ಸೈನಿಕರು ತಿರುಗಿಬಿದ್ದರು. ಎರಡೇ ತಿಂಗಳಲ್ಲಿ, ಏಪ್ರಿಲ್‌ನಲ್ಲಿ, ಮುಂದಿನ ಕಾರ್ಯದರ್ಶಿ ಚಕ್ ಹೇಗೆಲ್ ಅದನ್ನು ಹಿಂತೆಗೆದುಕೊಂಡರು. ಯುದ್ಧದ ಫಲಿತಾಂಶವನ್ನೇ ಬದಲಿಸಬಲ್ಲ ಕೆಲಸಕ್ಕೆ ಪರದೆಯ ಮುಂದೆ ಕುಳಿತು ಮಾಡಿದ್ದೆಂಬ ಕಾರಣಕ್ಕೆ ಅಷ್ಟು ವಿರೋಧ ಬಂದಿದ್ದರೆ, ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆದದ್ದಕ್ಕೆ ಲಂಗರಿನ (ಊಟದ ಮನೆಯ) ಮುಂದೆ ಸಾಲುನಿಂತ ಜವಾನರು ಏನೆಂದಾರು ಎಂಬುದನ್ನು ತಾವೇ ಊಹಿಸಬಹುದು.

ಕೊನೆಯದಾಗಿ, ಬಹುಮಾನ ಇಟ್ಟಲ್ಲಿ ಬೇಟೆಗಾರರು ಹುಟ್ಟುತ್ತಾರೆ. ಜೊತೆಗಾರರ ಖಾತೆಗಳಲ್ಲಿ ಇಣುಕಿ ಸ್ಕ್ರೀನ್‌ಶಾಟ್ ಕೂಡಿಡುವವನನ್ನು ನಮ್ಮ ಪಲ್ಟನಿನಲ್ಲಿ ಚಾಡಿಕೋರ ಎಂದೇ ಕರೆಯುತ್ತಿದ್ದರು, ಕಾರ್ಡ್ ಕೊಟ್ಟ ಮಾತ್ರಕ್ಕೆ ಆ ಹೆಸರು ಹೋಗುವುದಿಲ್ಲ.

ಉತ್ತರ 2: ಕನ್ನಡಿಗ, ವರ್ಜೀನಿಯಾ

ನನ್ನ ಮಗ ಅಮೆರಿಕದ ಭೂಸೇನೆಯಲ್ಲಿ ಸಾರ್ಜೆಂಟ್ ಆಗಿರುವುದರಿಂದ ಇಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ಬಲ್ಲೆ. ಕರ್ನಲ್ ಸಾಹೇಬರ ಎರಡನೆಯ ವಾದದಲ್ಲಿ ಒಂದು ಬಿಟ್ಟುಹೋದ ಅಂಶವಿದೆ. ಆ ಪದಕ ಸೋತದ್ದು ಅದಕ್ಕೆ ಕೊಟ್ಟ ಸ್ಥಾನದಿಂದ. ರಣರಂಗದಲ್ಲಿ ಪ್ರಾಣ ಒಡ್ಡಿದವನಿಗಿಂತ ಮೇಲೆ ಕೂರಿಸಿದ್ದೇ ಮುಖ್ಯ ಆಕ್ಷೇಪವಾಗಿತ್ತು. ಅದೇ ಸೇನೆಯಲ್ಲಿ ಯುದ್ಧಕ್ಕೆ ಸಂಬಂಧವಿಲ್ಲದ ಒಳ್ಳೆಯ ಕೆಲಸಕ್ಕೆಂದೇ 1981ರಲ್ಲಿ ಸ್ಥಾಪಿಸಿದ ‘ಆರ್ಮಿ ಅಚೀವ್‌ಮೆಂಟ್ ಮೆಡಲ್’ ಇದೆ. ಅದನ್ನು ಮಂಜೂರು ಮಾಡಲು ಲೆಫ್ಟಿನೆಂಟ್ ಕರ್ನಲ್ ದರ್ಜೆಯ ಕಮಾಂಡರ್ ಸಾಕು. ಉಗ್ರಾಣದ ಲೆಕ್ಕವನ್ನು ಸರಿಪಡಿಸಿದವರಿಗೂ ತಪಾಸಣೆಯನ್ನು ಚೆನ್ನಾಗಿ ನಡೆಸಿಕೊಟ್ಟವರಿಗೂ ಅದು ಸಿಗುತ್ತದೆ, ಅದಕ್ಕೆ ಯಾರೂ ಬೀದಿಗಿಳಿದಿಲ್ಲ.

ಇನ್ನು ಕರ್ತವ್ಯದ ಮಾತು. ಇಲ್ಲಿನ ಭೂಸೇನೆ 2015ರಲ್ಲೇ ಅಂತರ್ಜಾಲದ ನಡತೆಯ ಬಗ್ಗೆ ಸೇನೆಗೆಲ್ಲ ಸೂಚನೆ ಹೊರಡಿಸಿ, ಕಿರುಕುಳ, ಬೆದರಿಕೆ, ತಾರತಮ್ಯ ಇವು ಪರದೆಯ ಮೇಲೆ ನಡೆದರೂ ದುರ್ನಡತೆಯೇ ಎಂದು ಸ್ಪಷ್ಟಪಡಿಸಿತು. ಬರೆಯುವ ಮೊದಲು ಯೋಚಿಸಿ ಎಂಬರ್ಥದ ಭಿತ್ತಿಪತ್ರಗಳೂ ಬಂದವು. ಮರೀನ್ಸ್ ಯುನೈಟೆಡ್ ಬಯಲಾದ ವರ್ಷಾಂತ್ಯದಲ್ಲಿ, ಖಾಸಗಿ ಚಿತ್ರಗಳನ್ನು ಒಪ್ಪಿಗೆಯಿಲ್ಲದೆ ಹಂಚುವುದನ್ನು ಅಪರಾಧವನ್ನಾಗಿಸುವ 117ಎ ವಿಧಿಯು ಸೇನಾ ನ್ಯಾಯಸಂಹಿತೆಗೆ ಸೇರಿತು. ಅಂದರೆ ತಪ್ಪಿಗೆ ಹೆಸರಿದೆ, ವಿಧಿಯಿದೆ, ಶಿಕ್ಷೆಯಿದೆ. ತಪ್ಪನ್ನು ತಡೆದವನ ಕಡೆಗೆ ಬಂದರೆ ಪುಟ ಖಾಲಿ. ಮಹಿಳಾ ಸೈನಿಕರನ್ನು ಹೀಯಾಳಿಸುವ ಫೇಸ್‌ಬುಕ್ ಪುಟಗಳ ಬಗ್ಗೆ ಇಲ್ಲಿನ ಸಂಸದೆ ಜಾಕಿ ಸ್ಪಿಯರ್ 2013ರಲ್ಲೇ ಮರೀನ್ ದಳದ ಮುಖ್ಯಸ್ಥರಿಗೆ ಪತ್ರ ಬರೆದಿದ್ದರು. ಆಮೇಲೆ ನಾಲ್ಕು ವರ್ಷ, ಆ ಗುಂಪುಗಳಲ್ಲಿ ಎಷ್ಟು ಮಂದಿ ಸಾರ್ಜೆಂಟರು ನೋಡಿ ಪುಟ ಸರಿಸಿರಬಹುದು? ಅವರಿಗೆಲ್ಲ ತಿದ್ದುವುದು ಕರ್ತವ್ಯವೇ ಆಗಿತ್ತು.

ತಮ್ಮವರ ತಪ್ಪನ್ನು ತಡೆದದ್ದಕ್ಕೆ ಪದಕ ಕೊಟ್ಟ ದೃಷ್ಟಾಂತ ಇಲ್ಲವೆಂದು ಯಾರೂ ಭಾವಿಸಬಾರದು. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ಹಳ್ಳಿಗರನ್ನು ಕೊಲ್ಲುತ್ತಿದ್ದಾಗ, ಹೆಲಿಕಾಪ್ಟರ್ ಚಾಲಕ ಹ್ಯೂ ಥಾಂಪ್ಸನ್ ಸೈನಿಕರಿಗೂ ಹಳ್ಳಿಗರಿಗೂ ನಡುವೆ ತನ್ನ ಹೆಲಿಕಾಪ್ಟರನ್ನು ಇಳಿಸಿ, ನಮ್ಮವರು ಇವರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ ಎಂದು ತನ್ನ ಇಬ್ಬರು ಸಿಬ್ಬಂದಿಗೆ ಹೇಳಿದ. ಸೇನೆ ಮೊದಲು ಅವನಿಗೆ ಕೊಟ್ಟದ್ದು ‘ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್’. ಅದರ ಸೈಟೇಷನ್ನಿನಲ್ಲಿ, ಅಂದರೆ ಪದಕದ ಕಾರಣವನ್ನು ಬರೆದ ಒಕ್ಕಣೆಯಲ್ಲಿ, ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕಿಕೊಂಡಿದ್ದ ಮಗುವನ್ನು ರಕ್ಷಿಸಿದನೆಂಬ ಕಟ್ಟುಕಥೆಯಿತ್ತು. ಎರಡೂ ಕಡೆಯ ಗುಂಡು ಎಲ್ಲಿತ್ತು? ಅವನು ಅದನ್ನು ಎಸೆದುಬಿಟ್ಟ. ನಿಜವನ್ನು ಬರೆದ ‘ಸೋಲ್ಜರ್ಸ್ ಮೆಡಲ್’ ಬಂದದ್ದು 1998ರಲ್ಲಿ, ಮೂವತ್ತು ವರ್ಷಗಳ ನಂತರ. ಸಿಬ್ಬಂದಿಯಾಗಿದ್ದ ಲಾರೆನ್ಸ್ ಕೋಲ್ಬರ್ನ್‌ಗೂ ಕೊಟ್ಟರು. ಇನ್ನೊಬ್ಬ ಸಿಬ್ಬಂದಿ ಗ್ಲೆನ್ ಆಂಡ್ರಿಯೋಟಾ ಅಷ್ಟರಲ್ಲಿ ಯುದ್ಧದಲ್ಲೇ ತೀರಿಕೊಂಡಿದ್ದ. ಆ ಪದಕವು ಶತ್ರುವಿನೊಡನೆ ಕಾದಾಡದ ಸಂದರ್ಭದ ಶೌರ್ಯಕ್ಕೆ ಮೀಸಲಾದದ್ದು ಎಂಬುದನ್ನು ಗಮನಿಸಿ, ಅಲ್ಲಿ ಎದುರಿಗಿದ್ದವರು ಶತ್ರುಗಳಾಗಿರಲಿಲ್ಲವಲ್ಲ.

ಕೊಲೆಯನ್ನು ತಡೆದದ್ದಕ್ಕೂ ಫೋಟೊ ಅಳಿಸಿದ್ದಕ್ಕೂ ಹೋಲಿಕೆಯೇ ಎಂದು ಕೇಳಬಹುದು. ಗಾತ್ರದಲ್ಲಿ ಇಲ್ಲ. ಆದರೆ ಎರಡರಲ್ಲೂ ಬೇಕಾದದ್ದು ಒಂದೇ ಬಗೆಯ ಧೈರ್ಯ. ಶತ್ರುವಿನ ಎದುರು ನಿಲ್ಲುವಾಗ ಬೆನ್ನ ಹಿಂದೆ ಜೊತೆಗಾರರಿರುತ್ತಾರೆ, ಇಲ್ಲಿ ಅವರೇ ಎದುರಿಗಿರುತ್ತಾರೆ.

ಉತ್ತರ 3: ವಕೀಲೆ, ಧಾರವಾಡ

ವರ್ಜೀನಿಯಾದವರ ದೃಷ್ಟಾಂತ ತೂಕದ್ದು, ಆದರೆ ಅದರ ಮಗ್ಗುಲಲ್ಲಿ ಇನ್ನೊಂದನ್ನೂ ಇಡಬೇಕಾಗುತ್ತದೆ. ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಕೈದಿಗಳನ್ನು ಹಿಂಸಿಸುತ್ತಿದ್ದ ಫೋಟೊಗಳನ್ನು 2004ರ ಜನವರಿಯಲ್ಲಿ ಸೇನೆಯ ತನಿಖಾಧಿಕಾರಿಗಳಿಗೆ ಒಪ್ಪಿಸಿದ ಜೋಸೆಫ್ ಡಾರ್ಬಿಗೆ ಹೆಸರು ಗುಟ್ಟಾಗಿಡುವ ಭರವಸೆ ಇತ್ತು. ಅದೇ ಮೇ ತಿಂಗಳಲ್ಲಿ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಸಂಸತ್ತಿನ ಸಮಿತಿಯ ಮುಂದೆ, ದೂರದರ್ಶನದ ಕ್ಯಾಮೆರಾಗಳು ತೆರೆದಿರುವಾಗಲೇ, ಹೆಸರು ಹಿಡಿದು ಅವರಿಗೆ ಕೃತಜ್ಞತೆ ಹೇಳಿದರು. ಡಾರ್ಬಿ ಆಗ ಇರಾಕಿನಲ್ಲಿ ತನ್ನ ಜೊತೆಗಾರರ ನಡುವೆ ಊಟಕ್ಕೆ ಕುಳಿತಿದ್ದರು. ಹೊಗಳಿಕೆಯೇ ಅವರನ್ನು ಹುಟ್ಟೂರಿಗೆ ಮರಳದಂತೆ ಮಾಡಿತು. ಮರುವರ್ಷ ಕೆನಡಿ ಪ್ರತಿಷ್ಠಾನದ ಪುರಸ್ಕಾರ ಬಂತೆಂಬುದು ನಿಜ, ಅಷ್ಟರಲ್ಲಿ ಮನೆ ಹೋಗಿತ್ತು.

ಥಾಂಪ್ಸನ್‌ಗೆ ಮೌನದಿಂದ ಅನ್ಯಾಯವಾಯಿತು, ಡಾರ್ಬಿಗೆ ಪ್ರಚಾರದಿಂದ. ಆದ್ದರಿಂದ ಪುರಸ್ಕಾರ ಬೇಕೇ ಬೇಡವೇ ಎಂಬುದಕ್ಕಿಂತ ಸೈಟೇಷನ್ನಿನಲ್ಲಿ ಏನು ಬರೆಯುತ್ತೀರಿ, ಅದನ್ನು ಯಾರ ಮುಂದೆ ಓದುತ್ತೀರಿ ಎಂಬ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕು. ಸುಬೇದಾರರು ಹೇಳಿದ ಘಟನೆಯಲ್ಲಿ ಎಲ್ಲರೂ ಮರೆತ ಒಬ್ಬರಿದ್ದಾರೆ: ಫೋಟೊದಲ್ಲಿದ್ದ ಹೆಣ್ಣುಮಗಳು. ಲ್ಯಾನ್ಸ್ ನಾಯಕ್‌ನ ಎದೆಗೆ ಬಿಲ್ಲೆ ಹಚ್ಚಿ ಕಾರಣವನ್ನು ಓದಿದರೆ, ಅಳಿಸಿಹೋದ ಫೋಟೊವನ್ನು ಇಡೀ ಪಲ್ಟನಿಗೆ ಮತ್ತೆ ತೋರಿಸಿದಂತೆಯೇ. ಆಕೆಯನ್ನು ಕೇಳದೆ ಇದನ್ನು ಮಾಡಬಾರದು. ಆಕೆಗೆ ಆಗ ಯಾರಾದರೂ ವಿಷಯ ತಿಳಿಸಿದ್ದರೇ ಎಂಬುದನ್ನೂ ಸುಬೇದಾರರು ಹೇಳಬೇಕೆಂದು ಕೋರುತ್ತೇನೆ.

ಇನ್ನೊಂದು ಮಾತು, ಇದು ನನ್ನ ಮುಖ್ಯ ತಕರಾರು. ತಿದ್ದುವುದು ಎಂಬ ಪದವನ್ನು ನಾವೆಲ್ಲ ಬಹಳ ಸಲೀಸಾಗಿ ಬಳಸುತ್ತಿದ್ದೇವೆ. ಮ್ಯಾಸಚುಸೆಟ್ಸ್‌ನ ಏರ್ ನ್ಯಾಷನಲ್ ಗಾರ್ಡ್‌ನಲ್ಲಿದ್ದ ಜಾಕ್ ಟೆಶೇರಾ ಎಂಬ ಯುವಕ ರಹಸ್ಯ ದಾಖಲೆಗಳನ್ನು ಡಿಸ್ಕಾರ್ಡ್ ಎಂಬ ಹರಟೆ ತಾಣದಲ್ಲಿ ಹಾಕುತ್ತಿದ್ದು 2023ರ ಏಪ್ರಿಲ್‌ನಲ್ಲಿ ಬಂಧಿತನಾದ, ಮರುವರ್ಷ ಅವನಿಗೆ 15 ವರ್ಷಗಳ ಶಿಕ್ಷೆಯಾಯಿತು. ಅವನ ಮೇಲಿನವರು ಅವನನ್ನು ತಿದ್ದಿರಲಿಲ್ಲವೇ? ತಿದ್ದಿದ್ದರು. ರಹಸ್ಯ ಮಾಹಿತಿಯನ್ನು ಕಾಗದದಲ್ಲಿ ಗುರುತು ಹಾಕಿಕೊಳ್ಳುವುದು ಕಂಡು 2022ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಸಿದ್ದರು, ತನಗೆ ಸಂಬಂಧಿಸದ ದಾಖಲೆಗಳನ್ನು ಕೆದಕುವುದನ್ನು ನಿಲ್ಲಿಸೆಂದು ಅಕ್ಟೋಬರ್‌ನಲ್ಲಿ ಹೇಳಿದ್ದರು. ತಾಣದಲ್ಲಿ ಹಾಕುತ್ತಿದ್ದುದು ಅವರಿಗೆ ತಿಳಿದಿರಲಿಲ್ಲ, ಆದರೆ ತಿಳಿದಷ್ಟನ್ನೂ ಭದ್ರತಾ ಅಧಿಕಾರಿಗಳವರೆಗೆ ಪೂರ್ತಿಯಾಗಿ ಒಯ್ಯಲಿಲ್ಲ. ಅವರು ಅತಿಯಾಗಿ ಪ್ರತಿಕ್ರಿಯಿಸಿಯಾರು ಎಂಬ ಅಳುಕು ಕೆಲವರಿಗಿತ್ತೆಂದು ವಾಯುಸೇನೆಯ ತನಿಖೆಯೇ ಹೇಳಿತು. ಹದಿನೈದು ಮಂದಿಯ ಮೇಲೆ ಶಿಸ್ತುಕ್ರಮವಾಯಿತು. ಒಳಗಿಂದೊಳಗೆ ತಿದ್ದಿ ಮುಗಿಸುವುದಕ್ಕೆ ಕಾರ್ಡ್ ಕೊಡುವ ಪದ್ಧತಿ ಇದ್ದಿದ್ದರೆ ಆ ಅಕ್ಟೋಬರ್‌ನಲ್ಲಿ ಯಾರಿಗೋ ಒಂದು ಸಿಕ್ಕಿರುತ್ತಿತ್ತೇನೋ.

ತಮ್ಮ ಲ್ಯಾನ್ಸ್ ನಾಯಕ್ ಕೂಡ ಹದಿನೈದು ದಿನ ಯಾರಿಗೂ ತಿಳಿಸಿರಲಿಲ್ಲ. ಸಮ್ಮತಿಯಿಲ್ಲದೆ ತೆಗೆದ ಖಾಸಗಿ ಅಂಗದ ಚಿತ್ರವಾಗಿದ್ದರೆ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸವಾಗಬಹುದಾದ ಅಪರಾಧ. ಅಂತಹದ್ದನ್ನು ಅಳಿಸಿ ಕ್ಷಮೆ ಕೇಳಿಸಿ ಮುಗಿಸುವುದು ತಿದ್ದುವಿಕೆಯಲ್ಲ, ಸಾಕ್ಷ್ಯವನ್ನು ಅಳಿಸುವುದು. ಇಲ್ಲಿ ನಡೆದದ್ದು ಅಷ್ಟು ಗಂಭೀರವಲ್ಲವೆಂದು ಒಪ್ಪುತ್ತೇನೆ. ಆದರೆ ನಿಯಮ ಮಾಡುವಾಗ ಎರಡನ್ನೂ ಒಂದೇ ಪದದಿಂದ ಕರೆಯಬಾರದು.

ಉತ್ತರ 4: ಸೈನಿಕರೊಬ್ಬರ ಪತ್ನಿ, ಬೆಳಗಾವಿ

ಫೋಟೊದಲ್ಲಿದ್ದವಳ ಸ್ಥಾನದಲ್ಲಿ ನಾನಿದ್ದಿದ್ದರೆ ಆ ಲ್ಯಾನ್ಸ್ ನಾಯಕ್ ಯಾರೆಂದು ತಿಳಿದುಕೊಳ್ಳಲು ಬಯಸುತ್ತಿದ್ದೆ, ಆದರೆ ಸಮಾರಂಭ ಬಯಸುತ್ತಿರಲಿಲ್ಲ. ಅವನ ಅಧಿಕಾರಿ ಅವನ ತಂದೆತಾಯಿಗೆ ಒಂದು ಪತ್ರ ಬರೆದಿದ್ದರೆ ಸಾಕಿತ್ತು. ಸೇನೆಯಿಂದ ಮನೆಗೆ ಒಳ್ಳೆಯ ಸುದ್ದಿಯ ಪತ್ರ ಬರುವುದು ಎಷ್ಟು ಅಪರೂಪವೆಂದು ನಮ್ಮಂಥವರಿಗೆ ಗೊತ್ತು.

ಉತ್ತರ 5: ನಿವೃತ್ತ ಕರ್ನಲ್, ಮಡಿಕೇರಿ

ವಕೀಲರು ನನ್ನ ವಾದಕ್ಕೆ ನಾನು ಕೊಡಲಾಗದ ಬಲ ಕೊಟ್ಟಿದ್ದಾರೆ, ಆದರೆ ನನ್ನ ಒಂದು ಮಾತನ್ನು ಸಡಿಲಿಸಲೂ ಅದೇ ಕಾರಣವಾಯಿತು. ಬೂಟಿನ ಹೋಲಿಕೆ ಸರಿಯಲ್ಲ. ಬೂಟಿನ ವಿಷಯದಲ್ಲಿ ಗದರಿದವನೊಡನೆ ಊಟಕ್ಕೆ ಕೂರಲು ಯಾರೂ ಹಿಂಜರಿಯುವುದಿಲ್ಲ. ವೆಚ್ಚವೇ ಇಲ್ಲದ ಕರ್ತವ್ಯ ಒಂದು, ವೆಚ್ಚ ತೆತ್ತು ಮಾಡುವ ಕರ್ತವ್ಯ ಇನ್ನೊಂದು. ಎರಡನೆಯದನ್ನು ಗುರುತಿಸುವುದಕ್ಕಾಗಿಯೇ ಸೇನೆಯಲ್ಲಿ ಪುರಸ್ಕಾರಗಳಿವೆ ಎಂಬುದನ್ನು ನಾನು ಅಲ್ಲಗಳೆಯಲಾರೆ.

ಆದರೂ ಪದಕಕ್ಕೆ ನನ್ನ ವಿರೋಧ ಉಳಿದೇ ಇದೆ. ಇಂತಹ ಸಂದರ್ಭಗಳಲ್ಲಿ ಮೆಚ್ಚುಗೆ ಮೇಲ್ಮುಖವಾಗಿ ಹರಿಯುತ್ತದೆ ಎಂಬ ಭಯವೂ ನನಗಿದೆ. 2013ರಲ್ಲಿ ಆಸ್ಟ್ರೇಲಿಯಾದ ಸೇನಾಧಿಕಾರಿಗಳ ಒಂದು ಗುಂಪು ಮಹಿಳೆಯರನ್ನು ಅವಮಾನಿಸುವ ಇಮೇಲ್‌ಗಳನ್ನು ಹಂಚಿಕೊಳ್ಳುತ್ತಿದ್ದುದು ಬಯಲಾದಾಗ ಸೇನಾ ಮುಖ್ಯಸ್ಥ ಡೇವಿಡ್ ಮಾರಿಸನ್ ವೀಡಿಯೊದಲ್ಲಿ ಕಟುವಾಗಿ ಮಾತನಾಡಿ, ಮಹಿಳೆಯರನ್ನು ಸಮಾನರಾಗಿ ಕಾಣಲಾರದವರು ಹೊರನಡೆಯಿರಿ ಎಂದರು. ಮಾತು ಜಗತ್ತಿಗೆಲ್ಲ ಹರಡಿತು. 2016ರಲ್ಲಿ ಅವರು ಆ ದೇಶದ ‘ವರ್ಷದ ವ್ಯಕ್ತಿ’ ಗೌರವಕ್ಕೂ ಪಾತ್ರರಾದರು. ಲೆಫ್ಟಿನೆಂಟ್ ಜನರಲ್ ಕಠಿಣವಾಗಿ ಮಾತನಾಡುವುದಕ್ಕೂ ಬ್ಯಾರಕ್ಕಿನಲ್ಲಿ ಮಗ್ಗುಲ ಮಂಚದವನಿಗೆ ಅಳಿಸು ಎಂದು ಹೇಳುವುದಕ್ಕೂ ಇರುವ ಅಂತರವನ್ನು ನಾನು ವಿವರಿಸಬೇಕಿಲ್ಲ. ನಮ್ಮಲ್ಲಿ ಅಂತಹ ಕಾರ್ಡ್ ಶುರುವಾದರೆ ಮೊದಲ ವರ್ಷ ಅದು ಸೈಬರ್ ಜಾಗೃತಿ ಉಪನ್ಯಾಸ ಏರ್ಪಡಿಸಿದ ಮೇಜರ್‌ಗೆ ಹೋಗುತ್ತದೆ, ಬರೆದಿಟ್ಟುಕೊಳ್ಳಿ.

ಹಾಗಾಗಿ ನನ್ನ ಸಲಹೆ ಇಷ್ಟೇ: ಹವಾಲ್ದಾರನ ಮತ್ತು ಅದಕ್ಕಿಂತ ಕೆಳಗಿನ ಹುದ್ದೆಯವರಿಗೆ ಮಾತ್ರ, ತಪ್ಪನ್ನು ತಡೆದದ್ದಲ್ಲದೆ ಮೇಲಿನವರಿಗೆ ತಿಳಿಸಿಯೂ ಇದ್ದರೆ ಮಾತ್ರ, ವಾರ್ಷಿಕ ಗೋಪ್ಯ ವರದಿಯಲ್ಲಿ ಒಂದು ವಾಕ್ಯ ಬರಲಿ. ಆ ವರದಿಯನ್ನು ಬಡ್ತಿಯ ಮಂಡಳಿ ಓದುತ್ತದೆ, ಪಲ್ಟನು ಓದುವುದಿಲ್ಲ.

ಉತ್ತರ 6: ನಿವೃತ್ತ ಸುಬೇದಾರ್, ಹಾಸನ

ಎಲ್ಲರಿಗೂ ಕೃತಜ್ಞತೆಗಳು. ವಕೀಲೆಯವರ ಪ್ರಶ್ನೆಗೆ ಉತ್ತರಿಸುವುದು ನನಗೆ ಕಷ್ಟ, ಆದರೂ ಹೇಳುತ್ತೇನೆ. ಆ ಹೆಣ್ಣುಮಗಳಿಗೆ ನಾವು ಯಾರೂ ಏನೂ ತಿಳಿಸಲಿಲ್ಲ. ಗಂಡನಿಗೆ ಗೊತ್ತಾದರೆ ಆಕೆಗೂ ಗೊತ್ತಾದಂತೆಯೇ ಎಂದು ನಾವೆಲ್ಲ ತಿಳಿದಿದ್ದೆವು.

ಕರ್ನಲ್ ಸಾಹೇಬರ ಸಲಹೆಯನ್ನು ಓದಿದ ಮೇಲೆ, ಈಗ ಹವಾಲ್ದಾರನಾಗಿರುವ ಆ ಹುಡುಗನಿಗೆ ನಿನ್ನೆ ಫೋನ್ ಮಾಡಿ, ಇಷ್ಟು ವರ್ಷಗಳ ಮೇಲೆ ಇದೇ ಪ್ರಶ್ನೆಯನ್ನು ಅವನನ್ನೇ ಕೇಳಿದೆ. ಅವನು ಮೊದಲು ನಕ್ಕ. ಪದಕದ ಯೋಚನೆಯೇ ತನಗೆ ಬಂದಿರಲಿಲ್ಲ ಎಂದ. ಗೋಪ್ಯ ವರದಿಯ ವಾಕ್ಯದ ಬಗ್ಗೆ ಕೇಳಿದಾಗ, ಅದು ಒಳ್ಳೆಯದೇ, ಆದರೆ ಅದರಿಂದ ತನ್ನ ಆ ಮೂರು ತಿಂಗಳು ಸರಿಹೋಗುತ್ತಿರಲಿಲ್ಲ ಎಂದ. ಯಾವ ಮೂರು ತಿಂಗಳು ಎಂದೆ. ಶಿಕ್ಷೆಯಾದ ಮೇಲೆ ದೂರು ಕೊಟ್ಟವನು ಇವನೇ ಎಂದು ಕಂಪನಿಯಲ್ಲಿ ಎಲ್ಲರೂ ತಿಳಿದರಂತೆ. ಲಂಗರಿನಲ್ಲಿ ಇವನು ತಟ್ಟೆ ಹಿಡಿದು ಕೂತ ಮೇಜಿನಿಂದ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರಂತೆ. ದೂರು ಮೇಲಕ್ಕೆ ಕಳುಹಿಸಿದ್ದು ನಾನು. ಅದನ್ನು ರೋಲ್ ಕಾಲಿನಲ್ಲಿ ನಿಂತು ಒಂದೇ ಒಂದು ಸಲ ನಾನು ಹೇಳಿದ್ದಿದ್ದರೆ ಮುಗಿಯುತ್ತಿತ್ತು. ನನಗೆ ಹೊಳೆಯಲಿಲ್ಲ, ಅವನು ಕೇಳಲಿಲ್ಲ.

ಬೆಳಗಾವಿಯ ತಂಗಿಯವರು ಹೇಳಿದ ಪತ್ರವನ್ನು ಬರೆಯಲು ನನಗೀಗ ಯಾವ ಅಧಿಕಾರವೂ ಇಲ್ಲ. ಆದರೂ ಅವನ ತಂದೆಯ ವಿಳಾಸ ಕೇಳಿ ತೆಗೆದುಕೊಂಡಿದ್ದೇನೆ. ಒಂದು ಸಲ ಬರೆದು ಹರಿದದ್ದಾಯಿತು. ಫೋಟೊದ ವಿಷಯವನ್ನು ಹೇಳದೆ ಮಗ ಏನು ಮಾಡಿದನೆಂದು ಅವರಿಗೆ ತಿಳಿಸುವುದು ಹೇಗೆಂದು ವಕೀಲೆಯವರು ದಯವಿಟ್ಟು ಸೂಚಿಸಬೇಕು.